ಬಡಿಯದೆ ಮುಚ್ಚಿದ ಬಾಗಿಲು

ಪೈ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಮಾಣ ಮಾಡಿ ಲಾಯರುಗಳ ಮುಂದೆ ಕೂತಾಗಲೂ ಹೀಗೆಯೇ ಹೇಳಿದ್ದೆ, ಈಗೇನೂ ಮಾತು ಬದಲಿಸುವುದಿಲ್ಲ. ಮೇಲಿನ ಹಿಟ್ಟಿನ ಪದರ ಗರಿಗರಿಯಾಗಿತ್ತು, ಒಳಗಿನ ಪೀಚ್ ಹಣ್ಣು ಹದವಾಗಿ ಬೆಂದಿತ್ತು, ಸಿಹಿ ಎಷ್ಟು ಬೇಕೋ ಅಷ್ಟೇ. ಅಂಥದ್ದನ್ನು ತಟ್ಟೆಗೆ ಹಾಕಿ ಕೊಟ್ಟವರ ಮೇಲೆ ತಪ್ಪು ಹೊರಿಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ನನಗೂ ಬರಲಿಲ್ಲ. ಈಗ ನಮ್ಮ ವಸತಿ ಹಕ್ಕು ಕೇಂದ್ರಕ್ಕೆ ಹೊಸದಾಗಿ ಸೇರುವವರಿಗೆ ನಾನೇ ತರಗತಿ ತೆಗೆದುಕೊಳ್ಳುತ್ತೇನೆ. ಮೊದಲ ಪಾಠ ಈ ಪೈಯದ್ದೇ.

ನಾನು ವರ್ನೆಟಾ ಹೇಯ್ಸ್. ಡೇಟನ್ ಊರಿನ ಪಶ್ಚಿಮ ಭಾಗದವಳು. ನಮ್ಮೂರಲ್ಲಿ ನದಿಯ ಈಚೆ ನಾವು ಕಪ್ಪು ಜನ, ಆಚೆ ಬಿಳಿಯರು. ಯಾರೂ ಬೋರ್ಡು ಹಾಕಿಲ್ಲ, ಆದರೂ ಎಲ್ಲರಿಗೂ ಗೊತ್ತು. ಸೇತುವೆಗಳು ಬೇಕಾದಷ್ಟಿವೆ. ಬಸ್ಸು ದಾಟುತ್ತದೆ, ಬಾಡಿಗೆ ಅರ್ಜಿ ದಾಟುವುದಿಲ್ಲ. ಆ ಸೇತುವೆಗಳ ಮೇಲೆ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ್ದೇನೆ. ಹಿಂದೆ ತಿರುಗದೆ, ಕನ್ನಡಿಯಲ್ಲೇ ನೋಡಿ, ಯಾವ ಸೀಟಿನಲ್ಲಿ ಯಾರು ಯಾರನ್ನು ಚಿವುಟಿದರು ಎಂದು ಹೇಳಬಲ್ಲೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನಿವೃತ್ತಿಯಾದ ಮೇಲೆ ಆ ಕೋಪವನ್ನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡುವುದೆಂದು ವಸತಿ ಹಕ್ಕು ಕೇಂದ್ರಕ್ಕೆ ಪರೀಕ್ಷಕಿಯಾಗಿ ಸೇರಿದೆ.

ಪರೀಕ್ಷಕರ ಕೆಲಸ ಹೇಳುವುದು ಸುಲಭ, ಮಾಡುವುದು ಕಷ್ಟ. ಯಾರೋ ಒಬ್ಬರು, ನನಗೆ ಬಣ್ಣ ನೋಡಿ ಮನೆ ಕೊಡಲಿಲ್ಲ ಎಂದು ಕೇಂದ್ರಕ್ಕೆ ದೂರು ಕೊಡುತ್ತಾರೆ. ಆಗ ಕೇಂದ್ರದವರು ಇಬ್ಬರನ್ನು ಆ ಮನೆ ಕೇಳಲು ಕಳಿಸುತ್ತಾರೆ. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಸಂಪಾದನೆ, ಹೇಳುವ ಕಥೆಯೂ ಒಂದೇ. ಒಂದೇ ದಿನ, ಸ್ವಲ್ಪ ಹೊತ್ತಿನ ಅಂತರದಲ್ಲಿ ಹೋಗಿ ಬಂದು ಆದದ್ದನ್ನು ಬೇರೆ ಬೇರೆಯಾಗಿ ಬರೆದುಕೊಡಬೇಕು. ದೂರು ಕೊಟ್ಟವರು ಯಾರೆಂದು ನಮಗೆ ಹೇಳುವುದಿಲ್ಲ. ಜೊತೆಯವಳಿಗೆ ಏನಾಯಿತೆಂದೂ ಹೇಳುವುದಿಲ್ಲ. ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವವನು ಆಲ್ಟನ್ ಬೆಕ್‌ಫೋರ್ಡ್ ಒಬ್ಬನೇ.

ಆಲ್ಟನ್ ನಮ್ಮ ಮೇಲ್ವಿಚಾರಕ, ಕೋರ್ಟಿನಲ್ಲಿ ಗುಮಾಸ್ತನಾಗಿ ಕೂದಲು ಹಣ್ಣಾದವನು. ತರಗತಿಯ ಮೊದಲ ದಿನವೇ ಅಂದಿದ್ದ:

"ನಿಮ್ಮ ಕಣ್ಣು, ಕಿವಿ, ಕೈಗಡಿಯಾರ ತಗೊಂಡು ಹೋಗಿ. ಮನಸ್ಸನ್ನ ಮನೇಲಿ ಬಿಟ್ಟು ಹೋಗಿ. ಎಷ್ಟು ಗಂಟೆಗೆ ಬಾಗಿಲು ತೆಗೆದ್ರು, ಏನಂದ್ರು, ಏನು ತೋರಿಸಿದ್ರು, ಯಾವ ಕಾಗದ ಕೊಟ್ರು. ಇಷ್ಟೇ. ಅವರು ಕೊಟ್ಟ ಒಂದು ಚೂರು ಕಾಗದಾನೂ ಬಿಸಾಕೋ ಹಾಗಿಲ್ಲ, ಎಲ್ಲಾ ನನ್ನ ಮೇಜಿಗೆ ಬರಬೇಕು. ನಿಮಗೆ ಏನನ್ನಿಸ್ತು ಅಂತ ನಾನು ಕೇಳಿಲ್ಲ."

ಅಭ್ಯಾಸಕ್ಕೆಂದು ಬರೆದ ಮೊದಲ ವರದಿಯಲ್ಲಿ ನಾನು, 'ಮನೆ ಮಾಲೀಕ ಹಂದಿಯ ಹಾಗೆ ನಡೆದುಕೊಂಡ' ಎಂದು ಬರೆದಿದ್ದೆ. ಆಲ್ಟನ್ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ.

"ವರ್ನೆಟಾ ಅವ್ರೇ, ಹಂದಿ ಎಷ್ಟು ಗಂಟೆಗೆ ಬಾಗಿಲು ತೆಗೀತು?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಒಂಬತ್ತು ಪರೀಕ್ಷೆಗೆ ಹೋಗಿಬಂದೆ, ಒಂದರಲ್ಲೂ ಇಂಥ ತಪ್ಪು ಮಾಡಲಿಲ್ಲ. ಬೈದವರ ಬಗ್ಗೆ ತಣ್ಣಗೆ ಬರೆಯುವುದನ್ನು ಕಲಿತಿದ್ದೆ. ಉಪಚಾರ ಮಾಡಿದವರ ಬಗ್ಗೆ ಹೇಗೆ ಬರೆಯಬೇಕೆಂದು ಯಾರೂ ಕಲಿಸಿರಲಿಲ್ಲ.

ಹತ್ತನೆಯದು ಮಿಸೆಸ್ ಕೊನ್ರಾಡ್ ಅವರ ಕಟ್ಟಡ. ನದಿಯಾಚೆ, ದೊಡ್ಡ ಆಸ್ಪತ್ರೆಯ ಹಿಂದಿನ ಬೀದಿ. ಹನ್ನೆರಡು ಮನೆಗಳ ಇಟ್ಟಿಗೆ ಕಟ್ಟಡ, ಎರಡನೇ ಮಹಡಿಯಲ್ಲಿ ಅವರೇ ಇದ್ದರು. ಮೂರನೇ ಮಹಡಿಯಲ್ಲಿ, ಅವರ ತಲೆಯ ಮೇಲಿನ ಮನೆ ಬಾಡಿಗೆಗಿದೆ ಎಂದು ಕಿಟಕಿಯಲ್ಲಿ ಬೋರ್ಡು ಇತ್ತು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಗಂಟೆ ಒತ್ತಿದೆ. ಎಪ್ಪತ್ತು ದಾಟಿದ, ಹಿಟ್ಟು ಮೆತ್ತಿದ ಏಪ್ರನ್ ಕಟ್ಟಿಕೊಂಡ ಹೆಂಗಸು ಬಾಗಿಲು ತೆಗೆದರು.

"ಅಯ್ಯೋ ಬಂಗಾರ, ಒಳಗ್ ಬಾ, ಒಳಗ್ ಬಾ. ಮೆಟ್ಟಿಲು ಹತ್ತಿ ಸುಸ್ತಾಗಿದೀಯ. ಕೂತ್ಕೋ ಮೊದಲು."

ಕೂತೆ. ಐಸ್ ಹಾಕಿದ ಟೀ ಬಂತು. ಪೈ ಬಂತು. ನನ್ನ ಮಂಡಿನೋವು ವಿಚಾರಿಸಿದರು, ತಮ್ಮ ಮಂಡಿನೋವು ಹೇಳಿದರು. ಮೊಮ್ಮಕ್ಕಳ ಫೋಟೋ ತೋರಿಸಿದರು. ಮನೆಯ ಮಾತು ನಾನೇ ಎತ್ತಬೇಕಾಯಿತು.

"ಅದಾ? ಇವತ್ತು ಬೆಳಿಗ್ಗೆ ತಾನೇ ಹೋಯ್ತಲ್ಲ ಬಂಗಾರ!" ನನ್ನ ಕೈ ಹಿಡಿದುಕೊಂಡರು. "ಬೋರ್ಡು ತೆಗೀಬೇಕು ಅಂತಿದ್ದೆ, ಈ ಪೈ ಮಾಡ್ತಾ ಮರೆತೇಹೋಯ್ತು. ನೀನು ಒಂದು ದಿನ ಮುಂಚೆ ಬಂದಿದ್ರೆ! ಆದ್ರೂ ಆ ಮೂರನೇ ಮಹಡಿ ನಿನ್ನ ಮಂಡಿಗೆ ಒಗ್ಗುತಿತ್ತಾ? ನಿಮ್ಮ ಕಡೆ, ನದಿಯಾಚೆ, ಎಷ್ಟು ಒಳ್ಳೊಳ್ಳೆ ಮನೆ ಇವೆಯಂತೆ. ಅಲ್ಲೇ ಹುಡುಕು, ನಿಮ್ಮೋರ ಮಧ್ಯೆ ನಿನಗೂ ಹಿತ."

ಪೈ ಮಾಡುವ ಬಗೆ ಕೇಳಿದೆ. ಸುಮ್ಮನೆ ನಾಟಕಕ್ಕಲ್ಲ, ನಿಜವಾಗಿ ಬೇಕಿತ್ತು. ಒಂದು ಕಾರ್ಡಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದು, ಕೆಳಗೆ ತಮ್ಮ ಹೆಸರನ್ನೂ ಹಾಕಿ ಕೊಟ್ಟರು. ಎರಡನೇ ತುಂಡು ತಿನ್ನಿಸಿ, ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟರು. ಗಂಟೆ ಹತ್ತೂ ಐವತ್ತೆಂಟು.

ಕಾರಿನಲ್ಲಿ ಕೂತು ವರದಿ ಬರೆದೆ. ಗಂಟೆ, ಮಾತು, ಟೀ, ಪೈ, ಒಂದೂ ಬಿಡಲಿಲ್ಲ. ಕೊನೆಯ ಪುಟದಲ್ಲಿ 'ಇತರೆ' ಎಂದು ಖಾಲಿ ಜಾಗವಿತ್ತು. ಹೊಟ್ಟೆ ತುಂಬಿದ್ದವಳು ಅಲ್ಲಿ ಬರೆದೆ: 'ಮಿಸೆಸ್ ಕೊನ್ರಾಡ್ ತುಂಬಾ ಒಳ್ಳೆಯವರು. ಇಲ್ಲಿ ತಪ್ಪೇನೂ ನಡೆದಂತೆ ನನಗೆ ಕಾಣಲಿಲ್ಲ.' ಸಹಿ ಹಾಕಿದೆ. ಕೊಟ್ಟ ಕಾಗದವೆಲ್ಲ ಒಪ್ಪಿಸಬೇಕಲ್ಲ, ಪೈ ಕಾರ್ಡನ್ನೂ ಮನಸ್ಸಿಲ್ಲದ ಮನಸ್ಸಿನಿಂದ ಆಲ್ಟನ್ನನ ಮೇಜಿನ ಮೇಲಿಟ್ಟೆ.

ಆಲ್ಟನ್ ಓದುತ್ತ ಹೋದ. ಕೊನೆಯ ಪುಟಕ್ಕೆ ಬಂದವನು ಕನ್ನಡಕ ತೆಗೆದು ಮೂಗು ಒತ್ತಿಕೊಂಡ.

"ಏನಾಯ್ತು?" ಎಂದೆ.

"ಹೇಳೋ ಹಾಗಿಲ್ಲ."

"ಆ ಸಾಲು ಬೇಡ್ವಾ? ಕೊಡಿ ಇಲ್ಲಿ, ಆ ಪುಟ ಇನ್ನೊಂದ್ಸಲ ಬರೆದುಕೊಡ್ತೀನಿ."

"ಮುಟ್ಟಬೇಡಿ!" ಅವನು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಸಹಿ ಆಗಿದೆ. ಇವತ್ತು ಒಂದು ಸಾಲು ಅಳಿಸಿದ್ರೆ ನಾಳೆ ಅವರ ಲಾಯರು, ಇನ್ನೇನೇನು ಅಳಿಸಿದ್ದೀರಿ ಅಂತ ಕೇಳ್ತಾನೆ. ಕೇಳೋದು ಸರಿ ಕೂಡ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಬರೆದದ್ದು ಹೋಗುವುದೂ ಇಲ್ಲ, ಅಲ್ಲೇ ಕೂತು ಹಲ್ಲು ಕಿರಿಯುತ್ತದೆ.

ಏಳು ವಾರ ಕಳೆದ ಮೇಲೆ ಕೇಂದ್ರದ ಲಾಯರಮ್ಮ ಫೋನು ಮಾಡಿದರು. ಮಿಸೆಸ್ ಕೊನ್ರಾಡ್ ಅವರ ವಕೀಲ ನನ್ನನ್ನು ಪ್ರಮಾಣದ ಮೇಲೆ ಪ್ರಶ್ನೆ ಕೇಳಬೇಕಂತೆ. ಇನ್ನು ನನ್ನಿಂದ ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ, ಎಲ್ಲವನ್ನೂ ಹೇಳಿದರು.

ಅದೇ ದಿನ ಮಧ್ಯಾಹ್ನ ಒಂದೂಕಾಲಿಗೆ ಮಾರ್ಗೀ ಟ್ರೌಟ್ ಎಂಬ ಬಿಳಿ ಹೆಂಗಸು ಆ ಬಾಗಿಲಿಗೆ ಹೋಗಿದ್ದಳು. ಅವಳನ್ನು ಕೂರು ಅನ್ನಲಿಲ್ಲ. ಟೀ ಇಲ್ಲ, ಪೈ ಇಲ್ಲ. ಮ್ಯಾಟಿನ ಮೇಲೆ ಷೂ ಸರಿಯಾಗಿ ಒರೆಸಲಿಲ್ಲವೆಂದು ಸಿಡುಕಿದರು. ಊಟದ ಹೊತ್ತಿಗೆ ಬಂದಳೆಂದು ಗೊಣಗಿದರು. ಗೊಣಗುತ್ತಲೇ ಮೂರನೇ ಮಹಡಿಗೆ ಕರೆದುಕೊಂಡು ಹೋಗಿ ಮನೆ ತೋರಿಸಿದರು, ಬಾಡಿಗೆ ಅರ್ಜಿ ಕೊಟ್ಟರು, ಅರ್ಜಿ ತುಂಬಿ ತಂದರೆ ನಾಳೆಯೇ ಬೀಗದ ಕೈ ಎಂದರು. ಎಲ್ಲ ಸೇರಿ ಹದಿನಾಲ್ಕು ನಿಮಿಷ.

ನಾನು ಫೋನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತೆ. ನಮ್ಮಮ್ಮನ ಕಾಲದಲ್ಲಿ ಬಾಗಿಲನ್ನು ಮುಖಕ್ಕೆ ಬಡಿಯುತ್ತಿದ್ದರು. ಅವಳ ಕೋಟಿನ ತುದಿ ಹಿಡಿದು ನಿಂತವಳು ನಾನು, ಬಡಿದ ಬಾಗಿಲಿನ ಸದ್ದು ನನಗೆ ಚೆನ್ನಾಗಿ ಗೊತ್ತು. ಈಕೆ ಬಾಗಿಲು ಪೂರಾ ತೆರೆದು, ಕೂರಿಸಿ, ತಿನ್ನಿಸಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನನ್ನನ್ನು ಹೊರಗೆ ತೆಗೆದರು. ನಾನು ಥ್ಯಾಂಕ್ಸ್ ಹೇಳಿ ಬಂದೆ! ಅದೇ ನನಗೆ ಹೊಟ್ಟೆ ಉರಿಸಿದ್ದು.

ದೂರು ಕೊಟ್ಟವಳು ಡೆಲ್ಫೀನ್ ಗೇಯ್ನ್ಸ್. ಇಬ್ಬರು ಹೆಣ್ಣುಮಕ್ಕಳ ತಾಯಿ. ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ಬ್ರೆಡ್ಡು ಬೇಯಿಸುವ ಕೆಲಸ, ಬೆಳಿಗ್ಗೆ ಐದಕ್ಕೆ ಒಲೆ ಮುಂದಿರಬೇಕು. ನಮ್ಮ ಕಡೆಯಿಂದ ಮೊದಲ ಬಸ್ಸು ಹೊರಡುವುದೇ ಐದೂ ನಲವತ್ತಕ್ಕೆ. ಚಿಕ್ಕಪ್ಪನ ಮಗನ ಹಳೇ ಕಾರಿನಲ್ಲಿ ಬರುತ್ತಿದ್ದಳು. ಅದು ಕೈಕೊಟ್ಟು ಎರಡು ಸಲ ತಡವಾಗಿತ್ತು, ಮೂರನೇ ಸಲ ತಡವಾದರೆ ಬರಬೇಡ ಎಂದಿದ್ದರು. ಮಿಸೆಸ್ ಕೊನ್ರಾಡ್ ಅವರ ಕಟ್ಟಡದಿಂದ ಆಸ್ಪತ್ರೆಗೆ ನಾಲ್ಕು ನಿಮಿಷದ ನಡಿಗೆ. ವಿಚಾರಣೆ ಮುಗಿಯುವವರೆಗೆ ಆ ಮನೆಯನ್ನು ಬೇರೆ ಯಾರಿಗೂ ಕೊಡಬಾರದೆಂದು ನಮ್ಮ ಲಾಯರಮ್ಮ ಕೋರ್ಟಿನಿಂದ ಆದೇಶ ತಂದಿದ್ದರು. ನನ್ನ ಸಾಲು ಹಿಡಿದು ಕೇಸು ಮುರಿದರೆ ಆದೇಶ ಹೋಯಿತು, ಮನೆ ಹೋಯಿತು, ಹಿಂದೆಯೇ ಅವಳ ಕೆಲಸವೂ ಹೋಯಿತು.

ಪ್ರಶ್ನೆಯ ದಿನ ವಕೀಲರ ಆಫೀಸಿನ ಹೊರಗೆ ಅವಳನ್ನು ಮೊದಲ ಸಲ ನೋಡಿದೆ. ಕೆಲಸದಿಂದ ನೇರ ಬಂದಿದ್ದಳು, ಉಗುರಿನ ಸಂದಿಯಲ್ಲಿ ಹಿಟ್ಟು. ಮುಖ ಎತ್ತಲು ನನಗೆ ಧೈರ್ಯ ಬರಲಿಲ್ಲ.

"ನಾನೇ ಕಣೇ ಆ ಸಾಲು ಬರೆದ ಪುಣ್ಯಾತ್ಗಿತ್ತಿ," ಎಂದೆ. "ಎರಡು ತುಂಡು ಪೈಗೆ ನಿನ್ನ ಮನೆ ಮಾರಿಬಿಟ್ಟೆ."

"ಎರಡು ತುಂಡಾ, ಮಿಸ್ ವರ್ನೆಟಾ?" ಅವಳ ಕಣ್ಣು ನಗುತ್ತಿತ್ತು. "ನಂಗೆ ಒಂದೇ ಕೊಟ್ಟಿದ್ದು!"

"ನಿಂಗೂ ಕೊಟ್ರಾ?"

"ಕೊಡದೇ ಏನು? ನಾನು ಮುಟ್ಲಿಲ್ಲ. ದಿನಾ ಒಲೆ ಮುಂದೆ ಸಾಯೋಳು ನಾನು, ನಂಗೇ ಪೈ ತಿನ್ಸಿ ಸಾಗಹಾಕ್ತಾರಂತೆ. ಹಿಟ್ಟು ಜಾಸ್ತಿ ನಾದಿದ್ರು, ನೋಡಿದ್ರೇ ಗೊತ್ತಾಗ್ತಿತ್ತು."

"ಅದು ಮಾತ್ರ ಸುಳ್ಳು. ಪೈ ಚೆನ್ನಾಗಿತ್ತು."

"ಹಾಗಂತಾನೇ ಒಳಗೆ ಹೇಳಿ," ಎಂದಳು. ನಗು ಹೋಗಿತ್ತು. "ಇದ್ದಿದ್ದು ಇದ್ದ ಹಾಗೆ ಹೇಳಿ. ನನಗೋಸ್ಕರ ಒಂದು ಸುಳ್ಳೂ ಬೇಡ. ಆ ಮನೆ ನಂಗೆ ಸುಳ್ಳಿಂದ ಬರೋದು ಬೇಡ."

ಒಳಗೆ ಉದ್ದನೆಯ ಮೇಜು. ಒಂದು ಕಡೆ ಮಿಸೆಸ್ ಕೊನ್ರಾಡ್, ಅವರ ವಕೀಲ ಸ್ಟ್ರೋಬೆಲ್. ಇನ್ನೊಂದು ಕಡೆ ಡೆಲ್ಫೀನ್, ನಮ್ಮ ಲಾಯರಮ್ಮ, ನಾನು. ತುದಿಯಲ್ಲಿ ಎಲ್ಲ ಮಾತನ್ನೂ ಟೈಪು ಮಾಡಿಕೊಳ್ಳುವ ಹೆಂಗಸು. ಮಿಸೆಸ್ ಕೊನ್ರಾಡ್ ನನ್ನನ್ನು ನೋಡಿ ಮುಗುಳ್ನಕ್ಕರು. ನನ್ನ ತುಟಿಯೂ ತಾನಾಗಿಯೇ ಅರಳಿತು. ಅಭ್ಯಾಸ ಎಷ್ಟು ಕೆಟ್ಟದ್ದು ನೋಡಿ.

ಸ್ಟ್ರೋಬೆಲ್ ನನ್ನ ವರದಿಯ ಕೊನೆಯ ಪುಟವನ್ನು ಮುಂದೆ ತಳ್ಳಿದ.

"ಈ ಸಾಲು ನೀವೇ ಬರೆದದ್ದಾ, ಮಿಸೆಸ್ ಹೇಯ್ಸ್?"

"ನಾನೇ."

"ಗಟ್ಟಿಯಾಗಿ ಓದಿ."

ಓದಿದೆ. ನನ್ನ ಮಾತೇ ನನಗೆ ಕಹಿಯಾಯಿತು.

"ಯಾರಾದ್ರೂ ಬಲವಂತದಿಂದ ಬರೆಸಿದ್ರಾ?"

"ನನ್ನ ಕೈಲಿ ಬಲವಂತದಿಂದ ಬರೆಸೋ ಗಂಡು ಇನ್ನೂ ಹುಟ್ಟಿಲ್ಲ."

ಟೈಪು ಮಾಡುವವಳು ತುಟಿ ಕಚ್ಚಿಕೊಂಡಳು. ಸ್ಟ್ರೋಬೆಲ್ ಮುಂದುವರಿಸಿದ. "ಮಿಸೆಸ್ ಕೊನ್ರಾಡ್ ಒಂದಾದ್ರೂ ಕೆಟ್ಟ ಮಾತಾಡಿದ್ರಾ?"

"ಇಲ್ಲ."

"ದನಿ ಏರಿಸಿದ್ರಾ?"

"ಇಲ್ಲ."

"ತಿನ್ನೋಕೆ ಏನು ಕೊಟ್ರು?"

"ಪೈ. ಎರಡು ತುಂಡು. ತುಂಬಾ ಚೆನ್ನಾಗಿತ್ತು."

"ಬಣ್ಣ ನೋಡಿ ಭೇದ ಮಾಡೋರು ಮನೆಯೊಳಗೆ ಕೂರಿಸಿ ಪೈ ತಿನ್ನಿಸ್ತಾರಾ?"

"ಅವತ್ತು ನಾನೂ ಹಾಗೇ ಅಂದ್ಕೊಂಡೆ. ಅದಕ್ಕೇ ಆ ಸಾಲು ಬರೆದೆ."

ಅಷ್ಟು ಸಾಕು ಎನ್ನುವಂತೆ ಅವನು ಪೆನ್ನಿನ ಮುಚ್ಚಳ ಹಾಕಿದ. ಈಗ ನಮ್ಮ ಲಾಯರಮ್ಮನ ಸರದಿ. ಅವರು ಎರಡು ಕಾಗದಗಳನ್ನು ನನ್ನ ಮುಂದೆ ಇಟ್ಟರು.

"ಇವೆರಡೂ ಮಿಸೆಸ್ ಕೊನ್ರಾಡ್ ಒಂದೇ ದಿನ ಇಬ್ಬರಿಗೆ ಕೊಟ್ಟದ್ದು. ಓದಿ ಹೇಳಿ."

"ಇದು ಮಾರ್ಗೀ ಟ್ರೌಟ್‌ಗೆ ಕೊಟ್ಟದ್ದು. ಬಾಡಿಗೆ ಅರ್ಜಿ, ಮೂರನೇ ಮಹಡಿ ಮನೆಗೆ. ಇದು ನಂಗೆ ಕೊಟ್ಟದ್ದು." ಗಂಟಲು ಸರಿಮಾಡಿಕೊಂಡೆ. "ಪೀಚ್ ಹಣ್ಣು ಆರು. ಸಕ್ಕರೆ ಮುಕ್ಕಾಲು ಕಪ್ಪು. ಬೆಣ್ಣೆ ತಣ್ಣಗಿರಬೇಕು."

ಲಾಯರಮ್ಮ ಎರಡೂ ಕಾಗದಗಳನ್ನು ಟೈಪು ಮಾಡುವವಳ ಕಡೆ ತಳ್ಳಿದರು.

"ಆ ಸಾಲಿನ ಬಗ್ಗೆ ನೀವು ಇನ್ನೇನಾದ್ರೂ ಹೇಳ್ಬೇಕಾ?"

"ಹೇಳ್ಬೇಕು," ಎಂದೆ. ತಣ್ಣಗೆ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. "ಮಾರ್ಗೀನ ಕೂರು ಅನ್ನಲಿಲ್ಲ, ಮೂತಿ ತಿರುವಿದ್ರು, ಮನೆ ತೋರಿಸಿದ್ರು. ನಂಗೆ ಮಣೆ ಹಾಕಿದ್ರು, ಕೈ ಹಿಡ್ಕೊಂಡ್ರು, ಮನೆ ತೋರಿಸ್ಲಿಲ್ಲ. ಒಳ್ಳೆಯವರು ಅಂತ ಬರೆದಿದ್ದೀನಿ. ಅದನ್ನ ಈಗ್ಲೂ ಹೊಡೆದು ಹಾಕಲ್ಲ. ತಪ್ಪು ಕಾಣಲಿಲ್ಲ ಅಂತಾನೂ ಬರೆದಿದ್ದೀನಿ. ನಿಜ, ನಂಗೆ ಕಾಣಲಿಲ್ಲ. ಕಾಣಬಾರದು ಅಂತಾನೇ ಅಲ್ವಾ ಅಷ್ಟು ಉಪಚಾರ? ಒಳ್ಳೆಯವರಿಗೆ ಕಾನೂನಲ್ಲಿ ರಿಯಾಯ್ತಿ ಇದೆ ಅಂತ ಎಲ್ಲಾದ್ರೂ ಬರೆದಿದ್ರೆ ತೋರಿಸಿ, ಎದ್ದು ಮನೆಗೆ ಹೋಗ್ತೀನಿ."

ಸ್ಟ್ರೋಬೆಲ್ ತನ್ನ ಕಕ್ಷಿದಾರಳ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ಎದ್ದು ಹೊರಗೆ ಹೋದರು. ಹದಿನೈದು ನಿಮಿಷದ ಮೇಲೆ ವಾಪಸು ಬಂದಾಗ ಮಿಸೆಸ್ ಕೊನ್ರಾಡ್ ಅವರ ಕಣ್ಣು ಕೆಂಪಾಗಿತ್ತು, ಸ್ಟ್ರೋಬೆಲ್ ರಾಜಿಯ ಮಾತು ತೆಗೆದ. ಕ್ಷಮಾಪಣೆ ಪತ್ರ ಬರೆದುಕೊಡುತ್ತಾರೆ, ಪರಿಹಾರ ಕೊಡುತ್ತಾರೆ, ಕೇಂದ್ರದ ಕಾನೂನು ತರಗತಿಗೆ ಬಂದು ಕೂರುತ್ತಾರೆ. ಮನೆ ಮಾತ್ರ ಬೇಡ, ಇಷ್ಟೆಲ್ಲ ಆದ ಮೇಲೆ ಇಬ್ಬರಿಗೂ ಇರುಸುಮುರುಸು ಎಂದ.

ನಮ್ಮ ಲಾಯರಮ್ಮ ಡೆಲ್ಫೀನ್ ಕಡೆ ತಿರುಗಿ, ಯೋಚನೆ ಮಾಡು, ಪರಿಹಾರ ಕಡಿಮೆಯೇನಲ್ಲ ಎಂದು ಪಿಸುಗುಟ್ಟಿದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ನಿನ್ನನ್ನು ಬೇಡ ಅಂದವರ ನೆತ್ತಿಯ ಮೇಲೆ ಯಾಕೆ ಸಂಸಾರ ಹೂಡಬೇಕು?

ಡೆಲ್ಫೀನ್ ಬಾಯಿ ತೆರೆಯುವ ಮೊದಲೇ ಮಿಸೆಸ್ ಕೊನ್ರಾಡ್ ಮೇಜಿನ ಮೇಲೆ ಬಾಗಿದರು.

"ನನ್ನ ನೋಡಮ್ಮಾ. ನಾನು ಅಂಥವಳಲ್ಲ. ನನ್ನ ಜೀವಮಾನದಲ್ಲಿ ಯಾರಿಗೂ ಕೇಡು ಬಯಸಿದವಳಲ್ಲ. ನಾನು ಎಂಥವಳು ಅಂತ ನಮ್ಮ ಚರ್ಚಿನಲ್ಲಿ ಯಾರನ್ನ ಬೇಕಾದ್ರೂ ಕೇಳು."

ಅಳು ನಿಜವಾದದ್ದೇ. ನಾನು ಹೇಳುತ್ತೇನೆ, ನಾಟಕವಿರಲಿಲ್ಲ. ಹಿಂದಿನ ವರ್ನೆಟಾ ಆಗಿದ್ದರೆ ಕರವಸ್ತ್ರ ಕೊಡುತ್ತಿದ್ದಳು.

"ನೀವು ಎಂಥವರು ಅಂತ ತಿಳ್ಕೊಳ್ಳೋಕೆ ನಾನು ಬಂದಿಲ್ಲ ತಾಯಿ," ಎಂದಳು ಡೆಲ್ಫೀನ್. ದನಿಯಲ್ಲಿ ಬಿಸಿಯಿರಲಿಲ್ಲ. "ಅದನ್ನ ನೀವೂ ನಿಮ್ಮ ದೇವರೂ ಕೂತು ಮಾತಾಡ್ಕೊಳ್ಳಿ. ನಂಗೆ ಬೇಕಾಗಿರೋದು ಮನೆ. ಯಾವತ್ತು ಕೊಡ್ತೀರಿ?"

"ಆದ್ರೆ ಅದು ನನ್ನ ತಲೆ ಮೇಲಿನ ಮನೆ. ಮಕ್ಕಳು ಓಡಾಡಿದ್ರೆ…"

"ಓಡಾಡ್ತವೆ. ನನ್ನ ಮಕ್ಕಳಿಗೆ ಕಾಲಿದೆ. ನಾನು ನಾಲ್ಕು ಗಂಟೆಗೆ ಎದ್ದು ನೀರು ಕಾಯಿಸ್ತೀನಿ, ಅದೂ ಕೇಳಿಸ್ತದೆ. ಭಾನುವಾರ ನನ್ನ ದೊಡ್ಡ ಮಗಳು ಹಾಡ್ತಾಳೆ, ಅವಳ ಗಂಟಲು ಸಣ್ಣದಲ್ಲ. ನಾವು ಬಾಡಿಗೆ ಕೊಟ್ಟು ಇರೋರು, ಬೆಕ್ಕಿನ ಹೆಜ್ಜೆ ಇಟ್ಕೊಂಡು ಬದುಕೋಕೆ ಬರ್ತಿಲ್ಲ. ಯಾವತ್ತು ಕೊಡ್ತೀರಿ?"

ಮಿಸೆಸ್ ಕೊನ್ರಾಡ್ ತಮ್ಮ ವಕೀಲನ ಮುಖ ನೋಡಿದರು. ಸ್ಟ್ರೋಬೆಲ್ ಕಾಗದ ಜೋಡಿಸುತ್ತಿದ್ದ, ತಲೆ ಎತ್ತಲಿಲ್ಲ. ಅವರು ನನ್ನನ್ನು ನೋಡಿದರು. ನಾನು ಕಣ್ಣು ತೆಗೆಯಲಿಲ್ಲ, ಈ ಸಲ ನಗಲೂ ಇಲ್ಲ.

"ಶನಿವಾರ," ಎಂದರು ಕೊನೆಗೆ, ಕಿವಿಗೊಟ್ಟರಷ್ಟೇ ಕೇಳಿಸುವಷ್ಟು ಮೆಲ್ಲಗೆ.

ಡೆಲ್ಫೀನ್ ಟೈಪು ಮಾಡುವವಳ ಕಡೆ ತಿರುಗಿದಳು.

"ಬರ್ಕೊಂಡ್ಯಾ ತಂಗಿ? ಶನಿವಾರ. ಎಷ್ಟು ಗಂಟೆಗೆ ಅಂತ ಹೇಳ್ಲಿಲ್ಲ, ಅದನ್ನೂ ಈಗ ಹೇಳ್ತಾರೆ."